ಹಲವು ಚಿತ್ರಗಳಿಂದ ಒಂದು ಆಕಾಶ: ಅವಕೆಂಪು ದೂರದರ್ಶಕ ಚಿತ್ರಗಳ ಸಂಯೋಜನೆ

ಕೇರಳದ ರಾಜಧಾನಿಯಾದ ತಿರುವನಂತಪುರದ ಉತ್ತರ ಭಾಗದಲ್ಲಿ, ರಾಷ್ಟ್ರೀಯ ಹೆದ್ದಾರಿಗೆ ಹೊಂದಿಕೊಂಡಂತೆ ಕಳಕ್ಕೂಟಂ ಎಂಬ ಪ್ರದೇಶವಿದೆ. 1990ರಲ್ಲಿ ಆರಂಭಗೊಂಡ ಟೆಕ್ನೋಪಾರ್ಕಿನಿಂದಾಗಿ ಈ ಹೆಸರು ಗಣಕಯಂತ್ರಗಳ ಬಳಕೆಯನ್ನು ಬಲ್ಲವರಿಗೆಲ್ಲ ಪರಿಚಿತವಾಗಿದೆ. ಇಲ್ಲಿಂದ ಕಡಲಿನ ಕಡೆಗೆ ಸಾಗಿದರೆ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ತುಂಬಾ ಎಂಬ ಊರು ದೊರೆಯುತ್ತದೆ. 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ಶೋಧಕ ರಾಕೆಟ್ಟು ಬಾನಿಗೇರಿದುದು ಈ ತುಂಬಾದಿಂದಲೇ. ಇದೇ ನಗರದಲ್ಲಿ 1837ರಷ್ಟು ಹಿಂದೆಯೇ ಸ್ವಾತಿ ತಿರುನಾಳ್ ಮಹಾರಾಜರ ಆಶ್ರಯದಲ್ಲಿ ಒಂದು ಖಗೋಳ ವೀಕ್ಷಣಾಲಯವು ಸ್ಥಾಪಿತವಾಗಿತ್ತು. ಹೀಗೆ ಆಕಾಶದ ಅಧ್ಯಯನ ಮತ್ತು ಗಣಕ ವಿದ್ಯೆ ಇವೆರಡಕ್ಕೂ ನೆಲೆಯಾದ ಪ್ರದೇಶವಿದು.

ಆದರೂ ಕಳಕ್ಕೂಟಂನ ಮಾಳಿಗೆಯ ಮೇಲೆ ಅವಕೆಂಪು ಕಿರಣಗಳನ್ನು ಗ್ರಹಿಸುವ ದೊಡ್ಡ ದೂರದರ್ಶಕವೊಂದನ್ನು ನಿಲ್ಲಿಸಿದರೆ ಅದರಿಂದ ಹೆಚ್ಚಿನ ಪ್ರಯೋಜನವಾಗದು. ಅರಬ್ಬೀ ಸಮುದ್ರದಿಂದ ಬೀಸುವ ಗಾಳಿಯಲ್ಲಿ ನೀರಾವಿಯು ತುಂಬಿಕೊಂಡಿರುತ್ತದೆ. ಕಣ್ಣಿಗೆ ಕಾಣುವ ಬೆಳಕಿಗೆ ನೀರಾವಿಯು ಪಾರದರ್ಶಕವಾಗಿದ್ದರೂ ಅವಕೆಂಪು ಕಿರಣಗಳ ಬಹುಭಾಗವನ್ನು ಅದು ಹೀರಿಕೊಳ್ಳುತ್ತದೆ. ಆದುದರಿಂದ ಇಂತಹ ದೂರದರ್ಶಕಗಳನ್ನು ಎತ್ತರದ, ತಣ್ಣನೆಯ, ಒಣಹವೆಯ ಸ್ಥಳಗಳಲ್ಲಿ ಸ್ಥಾಪಿಸಬೇಕಾಗುತ್ತದೆ. ಆದರೆ ಅಲ್ಲಿ ತೆಗೆದ ಚಿತ್ರಗಳನ್ನು ಸಂಸ್ಕರಿಸಿ ಅರ್ಥವತ್ತಾಗಿಸುವ ಕೆಲಸವು ಕಳಕ್ಕೂಟಂನಲ್ಲಿಯೇ ಆಗಬಹುದು, ಬೆಂಗಳೂರಿನಲ್ಲಿ ಆಗಬಹುದು, ಕಾಸರಗೋಡಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿಯೂ ಆಗಬಹುದು. ಈ ಎರಡನೆಯ ಕೆಲಸದ ಸ್ವರೂಪವೇನು, ಅದರಲ್ಲಿ ಎಚ್ಚರ ತಪ್ಪಿದರೆ ಒದಗುವ ಹಾನಿ ಎಂತಹುದು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಅವಕೆಂಪು ಕಿರಣಗಳು

1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳವಿಜ್ಞಾನಿಯು ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ, ಒಂದೊಂದು ಬಣ್ಣದ ಉಷ್ಣವನ್ನೂ ತಾಪಮಾಪಕದಿಂದ ಅಳೆದನು. ಕೆಂಪು ಬಣ್ಣದ ಆಚೆಗೆ, ಯಾವ ಬೆಳಕೂ ಕಾಣದ ಸ್ಥಳದಲ್ಲಿ ಇರಿಸಿದ ತಾಪಮಾಪಕದ ಪಾದರಸವು ಇನ್ನೂ ಮೇಲಕ್ಕೇರಿತು. ಕಣ್ಣಿಗೆ ಕಾಣದ ಈ ಕಿರಣಗಳೇ ಅವಕೆಂಪು ಕಿರಣಗಳು. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ತರಂಗಾಂತರವು ಸುಮಾರು 0.7 ಮೈಕ್ರಾನಿಗೆ ಮುಗಿಯುತ್ತದೆ. ಅವಕೆಂಪು ಕಿರಣಗಳ ಸಾಮ್ರಾಜ್ಯವು ಅಲ್ಲಿಂದ ಮುಂದಕ್ಕೆ ಹಬ್ಬಿದೆ.

ನಕ್ಷತ್ರಗಳು ಹುಟ್ಟುವುದು ಧೂಳು ಮತ್ತು ಅನಿಲದ ದಟ್ಟವಾದ ಮೋಡಗಳ ಒಡಲಿನಲ್ಲಿ. ಈ ಧೂಳು ಕಾಣುವ ಬೆಳಕನ್ನು ತಡೆದುಬಿಡುತ್ತದೆ. ಅವಕೆಂಪು ಕಿರಣಗಳಾದರೋ ತಮ್ಮ ಹೆಚ್ಚಿನ ತರಂಗಾಂತರದ ಕಾರಣದಿಂದ ಧೂಳಿನ ನಡುವೆ ಬಹುಮಟ್ಟಿಗೆ ನುಸುಳಿ ಹೊರಬರುತ್ತವೆ. ಆದುದರಿಂದ ನಕ್ಷತ್ರಗಳ ಜನನವನ್ನು ಅರಿಯಲು ಅವಕೆಂಪು ದೂರದರ್ಶಕವು ಅತ್ಯಾವಶ್ಯಕವಾದ ಸಾಧನವಾಗಿದೆ.

ಭೂಮಿಯ ವಾಯುಮಂಡಲವು ಅವಕೆಂಪು ಕಿರಣಗಳನ್ನು ಎಲ್ಲ ತರಂಗಾಂತರಗಳಲ್ಲಿಯೂ ಒಂದೇ ಸಮನಾಗಿ ತಡೆಯುವುದಿಲ್ಲ. ನಡುನಡುವೆ ಕೆಲವು ಕಿಟಕಿಗಳಿವೆ. ಸುಮಾರು 1.25 ಮೈಕ್ರಾನಿನ ಸುತ್ತಲಿನದನ್ನು ಜೆ ಪಟ್ಟಿ, 1.65 ಮೈಕ್ರಾನಿನ ಸುತ್ತಲಿನದನ್ನು ಎಚ್ ಪಟ್ಟಿ, 2.2 ಮೈಕ್ರಾನಿನ ಸುತ್ತಲಿನದನ್ನು ಕೆ ಪಟ್ಟಿ ಎಂದು ಕರೆಯುತ್ತಾರೆ. ಸಮೀಪ ಅವಕೆಂಪು ಖಗೋಳವಿಜ್ಞಾನದ ಬಹುಪಾಲು ಕೆಲಸವು ಈ ಮೂರು ಕಿಟಕಿಗಳ ಮೂಲಕವೇ ನಡೆಯುತ್ತದೆ.

ಹಾನ್ಲೆಯಿಂದ ಹೊಸಕೋಟೆಗೆ

ನಮ್ಮ ದೇಶದಲ್ಲಿ ಈ ಬಗೆಯ ಅಧ್ಯಯನಕ್ಕಾಗಿ ರಾಜಸ್ಥಾನದ ಮೌಂಟ್ ಅಬುವಿನ ಗುರುಶಿಖರದಲ್ಲಿ ಭೌತ ಸಂಶೋಧನಾ ಪ್ರಯೋಗಾಲಯದ 1.2 ಮೀಟರ್ ವ್ಯಾಸದ ದೂರದರ್ಶಕವು 1990ರ ದಶಕದಲ್ಲಿ ಕಾರ್ಯಾರಂಭ ಮಾಡಿತು. ಇದಾದ ಬಳಿಕ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದ ಸರಸ್ವತಿ ಶಿಖರದ ಮೇಲೆ, 2 ಮೀಟರ್ ವ್ಯಾಸದ ದೂರದರ್ಶಕವನ್ನು ಸ್ಥಾಪಿಸಿತು. 2000ದ ಸೆಪ್ಟೆಂಬರಿನಲ್ಲಿ ಅದಕ್ಕೆ ಮೊದಲ ಬೆಳಕು ದೊರೆಯಿತು. 2001ರ ಆಗಸ್ಟ್ 29ರಂದು ಅದನ್ನು ರಾಷ್ಟ್ರಕ್ಕೆ ಸಮರ್ಪಿಸಲಾಯಿತು. ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಸ್ಮರಣಾರ್ಥವಾಗಿ ಇದನ್ನು ಹಿಮಾಲಯನ್ ಚಂದ್ರ ದೂರದರ್ಶಕ ಎಂದು ಹೆಸರಿಸಲಾಗಿದೆ.

ಹಾನ್ಲೆಯು ಶೀತಲ ಮರುಭೂಮಿ. ಅಲ್ಲಿನ ಗಾಳಿಯ ಒತ್ತಡವು ಸಮುದ್ರಮಟ್ಟದ ಒತ್ತಡದ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ರಾತ್ರಿಯಿಡೀ ಅಲ್ಲಿಯೇ ಕುಳಿತು ಕೆಲಸ ಮಾಡುವುದು ಶರೀರಕ್ಕೆ ಶ್ರಮದಾಯಕವಾದುದು. ಈ ಕಾರಣದಿಂದ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ಕರ್ನಾಟಕದ ಹೊಸಕೋಟೆಯಿಂದಲೇ ನಡೆಸುವ ವ್ಯವಸ್ಥೆಯನ್ನು ಮಾಡಲಾಗಿದೆ. ಬೆಂಗಳೂರಿನಿಂದ ಸುಮಾರು 35 ಕಿಲೋಮೀಟರ್ ದೂರದ ಈ ಕೇಂದ್ರದಲ್ಲಿ ಕುಳಿತ ವೀಕ್ಷಕನು ಗಣಕಯಂತ್ರದಲ್ಲಿ ಆದೇಶ ನೀಡಿದರೆ ಹಿಮಾಲಯದಾಚೆಯ ದೂರದರ್ಶಕವು ತಿರುಗುತ್ತದೆ, ಚಿತ್ರವು ಸಂಖ್ಯೆಗಳ ರೂಪದಲ್ಲಿ ಕೆಳಗಿಳಿದು ಬರುತ್ತದೆ.

2013ರಲ್ಲಿ ಈ ದೂರದರ್ಶಕಕ್ಕೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ನಿರ್ಮಿಸಿದ ಟಿರ್‌ಸ್ಪೆಕ್ ಎಂಬ ಉಪಕರಣವನ್ನು ಜೋಡಿಸಲಾಯಿತು. ಇದು 1ರಿಂದ 2.5 ಮೈಕ್ರಾನುಗಳ ನಡುವಿನ ಕಿರಣಗಳನ್ನು ಗ್ರಹಿಸುತ್ತದೆ. ಪಾದರಸ, ಕ್ಯಾಡ್ಮಿಯಂ ಮತ್ತು ಟೆಲ್ಲೂರಿಯಂಗಳ ಸಂಯುಕ್ತದಿಂದ ರಚಿತವಾದ ಇದರ ಸಂವೇದಕ ಫಲಕದಲ್ಲಿ 1,024 ಸಾಲುಗಳೂ 1,024 ಕಂಬಸಾಲುಗಳೂ ಇವೆ. ಅಂದರೆ ಪಿಕ್ಸೆಲ್ ಎಂದು ಕರೆಯಲಾಗುವ ಚಿತ್ರಬಿಂದುಗಳು ಹತ್ತು ಲಕ್ಷಕ್ಕೂ ಹೆಚ್ಚಾಗಿವೆ. ಪ್ರತಿಯೊಂದು ಚಿತ್ರಬಿಂದುವೂ ತನ್ನ ಮೇಲೆ ಬಿದ್ದ ಬೆಳಕಿಗೆ ಅನುಗುಣವಾಗಿ ಒಂದು ಸಂಖ್ಯೆಯನ್ನು ನೀಡುತ್ತದೆ. ಹೀಗಾಗಿ ಖಗೋಳವಿಜ್ಞಾನಿಯ ಕೈಗೆ ಬರುವ ಚಿತ್ರವೆಂದರೆ ವಾಸ್ತವವಾಗಿ ಸಂಖ್ಯೆಗಳ ಒಂದು ದೊಡ್ಡ ಕೋಷ್ಟಕ.

ಒಂದೇ ಚಿತ್ರ ಏಕೆ ಸಾಲದು?

ನೀರಾವಿಯನ್ನು ತಪ್ಪಿಸಿಕೊಳ್ಳಲು ಬೆಟ್ಟವೇರಿದರೂ ಮತ್ತೊಂದು ತೊಡಕು ಹಾಗೆಯೇ ಉಳಿಯುತ್ತದೆ. ಸುಮಾರು 85ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಹೈಡ್ರಾಕ್ಸಿಲ್ ಅಣುಗಳ ತೆಳುವಾದ ಪದರವೊಂದು ರಾತ್ರಿಯ ವೇಳೆಯಲ್ಲಿಯೂ ಅವಕೆಂಪು ಬೆಳಕನ್ನು ಸೂಸುತ್ತಿರುತ್ತದೆ. ಯಾವ ಪರ್ವತವೂ ಅಷ್ಟು ಎತ್ತರವಿಲ್ಲ. ಅದಲ್ಲದೆ ಕೆ ಪಟ್ಟಿಯಲ್ಲಿ ದೂರದರ್ಶಕದ ಕನ್ನಡಿ ಮತ್ತು ಗೋಪುರಗಳ ಉಷ್ಣವೂ ಬೆಳಕಾಗಿ ಸೇರಿಕೊಳ್ಳುತ್ತದೆ. ಅವಕೆಂಪು ಕಣ್ಣಿಗೆ ರಾತ್ರಿಯ ಆಕಾಶವು ಕಪ್ಪಾಗಿರುವುದೇ ಇಲ್ಲ. ಹಗಲಿನಲ್ಲಿ ದೀಪದ ಹುಳುವನ್ನು ಹುಡುಕುವವನ ಪರಿಸ್ಥಿತಿ ಇಲ್ಲಿಯ ವೀಕ್ಷಕನದು.

ಒಂದು ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಬಹುದು. ಒಂದು ಚಿತ್ರಬಿಂದುವಿನ ಮೇಲೆ ಆಕಾಶದ ಹೊಳಪಿನಿಂದ 10,000 ಎಲೆಕ್ಟ್ರಾನುಗಳೂ ಮಸುಕಾದ ಒಂದು ನಕ್ಷತ್ರದಿಂದ 50 ಎಲೆಕ್ಟ್ರಾನುಗಳೂ ಸಂಗ್ರಹವಾದವು ಎಂದು ಇಟ್ಟುಕೊಳ್ಳೋಣ. ಬೆಳಕಿನ ಕಣಗಳು ಮಳೆಯ ಹನಿಗಳಂತೆ ಅನಿಯತವಾಗಿ ಬೀಳುವುದರಿಂದ 10,000 ಎಂಬ ಸಂಖ್ಯೆಯು ಪ್ರತಿಸಲವೂ ಅದರ ವರ್ಗಮೂಲದಷ್ಟು, ಎಂದರೆ ಸುಮಾರು 100ರಷ್ಟು, ಹೆಚ್ಚು ಕಡಿಮೆಯಾಗುತ್ತಿರುತ್ತದೆ. ಈ ಏರುಪೇರಿಗೆ ಗದ್ದಲ ಎಂದು ಹೆಸರು. 100ರ ಗದ್ದಲದಲ್ಲಿ 50ರ ಧ್ವನಿಯು ಕೇಳಿಸುವುದಿಲ್ಲ.

ಇಂತಹ 100 ಚಿತ್ರಗಳನ್ನು ಕೂಡಿಸಿದಾಗ ನಕ್ಷತ್ರದ ಪಾಲು 5,000ವಾಗುತ್ತದೆ. ಆಕಾಶದ ಪಾಲು 10,00,000ವಾಗುತ್ತದೆ. ಅದರ ವರ್ಗಮೂಲವು 1,000 ಮಾತ್ರ. ಈಗ ನಕ್ಷತ್ರದ ಸಂಕೇತವು ಗದ್ದಲದ ಐದು ಪಟ್ಟಾಗಿ ತಲೆಯೆತ್ತಿ ನಿಲ್ಲುತ್ತದೆ. ಚಿತ್ರಗಳ ಸಂಖ್ಯೆ ನೂರು ಪಟ್ಟು ಹೆಚ್ಚಿದಾಗ ಸ್ಪಷ್ಟತೆಯು ಹತ್ತು ಪಟ್ಟು ಹೆಚ್ಚಿತು. ಚಿತ್ರಗಳ ಸಂಯೋಜನೆಯ ಮೂಲತತ್ತ್ವವು ಇಷ್ಟೇ ಆಗಿದೆ.

ಹಾಗಿದ್ದರೆ ಒಂದೇ ಚಿತ್ರವನ್ನು ನೂರು ಪಟ್ಟು ದೀರ್ಘಕಾಲ ತೆಗೆಯಬಾರದೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಆಕಾಶದ ಹೊಳಪಿನಿಂದಲೇ ಚಿತ್ರಬಿಂದುಗಳು ಬಹುಬೇಗ ತುಂಬಿಹೋಗುತ್ತವೆ. ತುಂಬಿದ ಕೊಡಕ್ಕೆ ಇನ್ನಷ್ಟು ನೀರನ್ನು ಸುರಿದರೆ ಅಳತೆ ತಿಳಿಯದು. ಆದ್ದರಿಂದ ಕಡಿಮೆ ಅವಧಿಯ ಅನೇಕ ಚಿತ್ರಗಳನ್ನು ತೆಗೆದು ಬಳಿಕ ಕೂಡಿಸುವುದೇ ಸರಿಯಾದ ವಿಧಾನ.

ಕೂಡಿಸುವ ಮುನ್ನ ಕಳೆಯಬೇಕು

ಚಿತ್ರಗಳನ್ನು ಕೂಡಿಸುವ ಮೊದಲು ಅವುಗಳಲ್ಲಿ ನಕ್ಷತ್ರಕ್ಕೆ ಸೇರದ ಅಂಶಗಳನ್ನೆಲ್ಲ ತೆಗೆದುಹಾಕಬೇಕು. ಇದು ಕ್ರಮವಾಗಿ ನಡೆಯಬೇಕಾದ ಕಾರ್ಯ.

ಮೊದಲನೆಯದಾಗಿ, ಬೆಳಕು ಬೀಳದಿದ್ದಾಗಲೂ ಸಂವೇದಕದಲ್ಲಿ ಹರಿಯುವ ಅಲ್ಪ ವಿದ್ಯುತ್ತಿನ ಪಾಲನ್ನು ಕಳೆಯಬೇಕು. ಮುಚ್ಚಳ ಮುಚ್ಚಿ ಅಷ್ಟೇ ಅವಧಿಗೆ ತೆಗೆದ ಕತ್ತಲೆಯ ಚಿತ್ರಗಳಿಂದ ಈ ಪಾಲು ತಿಳಿಯುತ್ತದೆ. ಎರಡನೆಯದಾಗಿ, ಎಲ್ಲ ಚಿತ್ರಬಿಂದುಗಳೂ ಒಂದೇ ಸಮನಾದ ಸಂವೇದನೆಯುಳ್ಳವುಗಳಲ್ಲ. ಒಂದೇ ಬೆಳಕಿಗೆ ಒಂದು 100 ಎಂದರೆ ಪಕ್ಕದ್ದು 96 ಎನ್ನಬಹುದು. ಸಂಜೆಯ ಆಕಾಶವನ್ನು ಅಥವಾ ಸಮನಾಗಿ ಬೆಳಗಿಸಿದ ಪರದೆಯನ್ನು ಚಿತ್ರಿಸಿ, ಆ ಚಿತ್ರದಿಂದ ಪ್ರತಿಯೊಂದು ವೀಕ್ಷಣೆಯನ್ನೂ ಭಾಗಿಸಿದರೆ ಈ ಅಸಮತೆಯು ಅಳಿಯುತ್ತದೆ. ಮೂರನೆಯದಾಗಿ, ಕೆಟ್ಟುಹೋದ ಚಿತ್ರಬಿಂದುಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಮುಂದಿನ ಲೆಕ್ಕದಲ್ಲಿ ಅವುಗಳನ್ನು ಗಣನೆಗೆ ತೆಗೆದುಕೊಳ್ಳದಂತೆ ಸೂಚಿಸಬೇಕು.

ನಾಲ್ಕನೆಯದು ಆಕಾಶದ ಹೊಳಪನ್ನು ಕಳೆಯುವುದು. ಇದೇ ಎಲ್ಲಕ್ಕಿಂತ ನಾಜೂಕಾದ ಹಂತ. ವೀಕ್ಷಕನು ಪ್ರತಿ ಚಿತ್ರದ ನಡುವೆ ದೂರದರ್ಶಕವನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾನೆ. ಇದರಿಂದ ಒಂದೇ ನಕ್ಷತ್ರವು ಬೇರೆ ಬೇರೆ ಚಿತ್ರಗಳಲ್ಲಿ ಬೇರೆ ಬೇರೆ ಚಿತ್ರಬಿಂದುಗಳ ಮೇಲೆ ಬೀಳುತ್ತದೆ. ಆಕಾಶದ ಹೊಳಪು ಮಾತ್ರ ಎಲ್ಲ ಚಿತ್ರಗಳಲ್ಲಿಯೂ ಎಲ್ಲೆಡೆಯೂ ಇರುತ್ತದೆ. ಈ ಚಿತ್ರಗಳನ್ನು ನಕ್ಷತ್ರಗಳಿಗೆ ಹೊಂದಿಸದೆ ಹಾಗೆಯೇ ಒಂದರ ಮೇಲೊಂದಿಟ್ಟು ಪ್ರತಿ ಚಿತ್ರಬಿಂದುವಿನ ಮಧ್ಯಾಂಕವನ್ನು ಆರಿಸಿದರೆ ನಕ್ಷತ್ರಗಳು ಮಾಯವಾಗಿ ಬರಿಯ ಆಕಾಶವು ಉಳಿಯುತ್ತದೆ. ಅದನ್ನು ಒಂದೊಂದು ಚಿತ್ರದಿಂದಲೂ ಕಳೆಯಬೇಕು. ಹೈಡ್ರಾಕ್ಸಿಲ್ ಪದರದ ಹೊಳಪು ಕೆಲವೇ ನಿಮಿಷಗಳಲ್ಲಿ ಬದಲಾಗುವುದರಿಂದ ಮುನ್ನಿನ ಗಂಟೆಯ ಆಕಾಶವನ್ನು ಈ ಗಂಟೆಯ ಚಿತ್ರದಿಂದ ಕಳೆಯುವುದು ಸಲ್ಲದು.

ಐದನೆಯದಾಗಿ, ನಕ್ಷತ್ರಗಳ ಸ್ಥಾನಗಳನ್ನು ಆಧಾರವಾಗಿಟ್ಟುಕೊಂಡು ಚಿತ್ರಗಳನ್ನು ಸರಿಸಿ ಒಂದಕ್ಕೊಂದು ಹೊಂದಿಸಬೇಕು. ಕೊನೆಯದಾಗಿ, ಹೊಂದಿಸಿದ ಚಿತ್ರಗಳನ್ನು ಸಂಯೋಜಿಸಿ ಒಂದೇ ಚಿತ್ರವನ್ನಾಗಿ ಮಾಡಬೇಕು.

ಅಕ್ಷರದಲ್ಲಿ ಬರೆದ ಆದೇಶಗಳು

ಹತ್ತು ಲಕ್ಷ ಸಂಖ್ಯೆಗಳ ನೂರಾರು ಕೋಷ್ಟಕಗಳ ಮೇಲೆ ಈ ಲೆಕ್ಕಗಳನ್ನು ನಡೆಸಲು ತಂತ್ರಾಂಶ ಬೇಕು. ಇವುಗಳ ಪೈಕಿ ಬಹುಕಾಲ ಬಳಕೆಯಲ್ಲಿದ್ದುದು ಐರಾಫ್. ಅಮೆರಿಕದ ಟೂಸಾನ್ ನಗರದ ರಾಷ್ಟ್ರೀಯ ದೃಕ್ ಖಗೋಳ ವೀಕ್ಷಣಾಲಯದಲ್ಲಿ 1980ರ ದಶಕದ ಆರಂಭದಲ್ಲಿ ಡಗ್ ಟೋಡಿ ಎಂಬವರ ನೇತೃತ್ವದಲ್ಲಿ ಇದರ ರಚನೆಯು ಮೊದಲಾಯಿತು. 2013ರಲ್ಲಿ ಆ ಸಂಸ್ಥೆಯು ಇದರ ಅಭಿವೃದ್ಧಿಯನ್ನು ನಿಲ್ಲಿಸಿತು. ಆನಂತರ ಬಳಕೆದಾರರ ಸಮುದಾಯವೇ ಇದನ್ನು ಕಾಪಾಡಿಕೊಂಡು ಬಂದಿದೆ. ಈಗ ಇದೇ ಲೆಕ್ಕಗಳನ್ನು ಪೈಥಾನ್ ಭಾಷೆಯ ಕ್ರಮವಿಧಿಗಳ ಮೂಲಕವೂ, ಸೆಕ್ಸ್‌ಟ್ರಾಕ್ಟರ್, ಸ್ವಾರ್ಪ್ ಮೊದಲಾದ ತಂತ್ರಾಂಶಗಳ ಮೂಲಕವೂ ನಡೆಸುತ್ತಾರೆ. ಚಿತ್ರಗಳನ್ನು ಸಂಗ್ರಹಿಸಲು 1980ರ ದಶಕದ ಆರಂಭದಲ್ಲಿ ರೂಪುಗೊಂಡ ಫಿಟ್ಸ್ ಎಂಬ ಸಾಮಾನ್ಯ ನಮೂನೆಯು ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಈ ನಮೂನೆಯಲ್ಲಿ ಸಂಖ್ಯೆಗಳ ಜೊತೆಗೆ ಒಂದು ಶಿರೋಲೇಖವೂ ಇರುತ್ತದೆ. ಚಿತ್ರವನ್ನು ಯಾವ ದಿನ, ಎಷ್ಟು ಹೊತ್ತು, ಯಾವ ಶೋಧಕದ ಮೂಲಕ ತೆಗೆಯಲಾಯಿತೆಂಬ ವಿವರಗಳು ಅದರಲ್ಲಿ ದಾಖಲಾಗಿರುತ್ತವೆ.

ಇಂತಹ ತಂತ್ರಾಂಶಗಳಲ್ಲಿ ಬಣ್ಣದ ಗುಂಡಿಗಳನ್ನು ಒತ್ತುವುದು ಕಡಿಮೆ. ಬಳಕೆದಾರನು ಪರದೆಯ ಮೇಲೆ ಒಂದು ಸಾಲಿನಲ್ಲಿ ಆದೇಶವನ್ನು ಟೈಪು ಮಾಡುತ್ತಾನೆ. ಐರಾಫಿನಲ್ಲಿ ಚಿತ್ರಗಳ ನಡುವೆ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಕೆಲಸಕ್ಕೆ ಇಮ್‌ಅರಿತ್ ಎಂಬ ಆದೇಶವಿದೆ. ಹೊಂದಿಸುವುದಕ್ಕೆ ಇಮ್‌ಅಲೈನ್, ಸಂಯೋಜಿಸುವುದಕ್ಕೆ ಇಮ್‌ಕಂಬೈನ್. ರೋಮನ್ ಅಕ್ಷರಗಳಲ್ಲಿ ಟೈಪು ಮಾಡುವ ಆ ಸಾಲನ್ನು ಕನ್ನಡ ಲಿಪಿಯಲ್ಲಿ ಬರೆದರೆ ಅದು ಹೀಗಿರುತ್ತದೆ:

ಇಮ್‌ಕಂಬೈನ್ @ಪಟ್ಟಿ ಫಲಿತ ಕಂಬೈನ್=ಮೀಡಿಯನ್

ಇದರ ಅರ್ಥ: ಪಟ್ಟಿ ಎಂಬ ಕಡತದಲ್ಲಿ ಸಾಲಿಗೊಂದರಂತೆ ಹೆಸರಿಸಿರುವ ಎಲ್ಲ ಚಿತ್ರಗಳನ್ನು ತೆಗೆದುಕೊಂಡು, ಒಂದೊಂದು ಸ್ಥಾನದಲ್ಲಿಯೂ ಮಧ್ಯಾಂಕವನ್ನು ಆರಿಸಿ, ಫಲಿತ ಎಂಬ ಹೊಸ ಚಿತ್ರವನ್ನು ರಚಿಸು. ಚಿತ್ರಗಳು ಐದಿದ್ದರೂ ಐನೂರಿದ್ದರೂ ಆದೇಶವು ಒಂದೇ. ಬಳಸಿದ ಚಿತ್ರಗಳ ಸಂಖ್ಯೆಯನ್ನು ತಂತ್ರಾಂಶವು ಫಲಿತ ಚಿತ್ರದ ಶಿರೋಲೇಖದಲ್ಲಿ ತಾನಾಗಿಯೇ ನಮೂದಿಸುತ್ತದೆ.

ಅಕ್ಷರರೂಪದ ಆದೇಶದ ಮುಖ್ಯ ಗುಣವೆಂದರೆ ಅದು ದಾಖಲೆಯಾಗಿ ಉಳಿಯುತ್ತದೆ. ಗುಂಡಿಯನ್ನು ಒತ್ತಿದ ಬೆರಳು ಗುರುತು ಬಿಡುವುದಿಲ್ಲ. ಬರೆದಿಟ್ಟ ಆದೇಶಗಳ ಸಾಲನ್ನಾದರೋ ಹೊಸಕೋಟೆಯಲ್ಲಿ ಒಬ್ಬನು ನಡೆಸಿದಂತೆಯೇ ಮತ್ತೊಬ್ಬನು ತಿರುವನಂತಪುರದಲ್ಲಿ ನಡೆಸಿ, ಅದೇ ಚಿತ್ರ ದೊರೆಯುವುದೇ ಎಂದು ಪರೀಕ್ಷಿಸಬಹುದು. ಒಂದು ಪ್ರಯೋಗವನ್ನು ಇನ್ನೊಬ್ಬರು ಪುನರಾವರ್ತಿಸಲು ಸಾಧ್ಯವಾಗಬೇಕೆಂಬುದು ವಿಜ್ಞಾನದ ಮೂಲನಿಯಮ. ಆದೇಶಗಳ ಕಡತವು ಆ ನಿಯಮವನ್ನು ಪಾಲಿಸಲು ನೆರವಾಗುತ್ತದೆ.

ಸರಾಸರಿಯೋ ಮಧ್ಯಾಂಕವೋ?

ಸಂಯೋಜನೆಯ ಆದೇಶವು ಚಿಕ್ಕದಾದರೂ ಅದರೊಳಗಿನ ಆಯ್ಕೆಯು ದೊಡ್ಡದು. ಒಂದೇ ಸ್ಥಾನದ ಬೆಲೆಯು ಐದು ಚಿತ್ರಗಳಲ್ಲಿ ಕ್ರಮವಾಗಿ 512, 508, 510, 1,940 ಮತ್ತು 509 ಎಂದು ಬಂದಿದೆಯೆಂದು ಭಾವಿಸೋಣ. ನಾಲ್ಕನೆಯ ಚಿತ್ರದಲ್ಲಿ ವಿಶ್ವಕಿರಣವೊಂದು ಸಂವೇದಕಕ್ಕೆ ಬಡಿದಿದೆ. ಐದರ ಸರಾಸರಿಯನ್ನು ತೆಗೆದರೆ ಸುಮಾರು 796 ಬರುತ್ತದೆ. ಅಲ್ಲಿ ಇಲ್ಲದ ನಕ್ಷತ್ರವೊಂದು ಇದ್ದಂತೆ ತೋರುತ್ತದೆ. ಬೆಲೆಗಳನ್ನು ಏರಿಕೆಯ ಕ್ರಮದಲ್ಲಿ ಇರಿಸಿ ನಡುವಿನದನ್ನು ಆರಿಸಿದರೆ 510 ಎಂಬ ಮಧ್ಯಾಂಕವು ದೊರೆಯುತ್ತದೆ. ಇದು ಸತ್ಯಕ್ಕೆ ಸಮೀಪವಾದುದು.

ಹಾಗೆಂದು ಮಧ್ಯಾಂಕವೇ ಯಾವಾಗಲೂ ಶ್ರೇಷ್ಠವೆಂದು ಹೇಳುವಂತಿಲ್ಲ. ಕಳಂಕವಿಲ್ಲದ ಅನೇಕ ಚಿತ್ರಗಳಲ್ಲಿ ಮಧ್ಯಾಂಕದ ಗದ್ದಲವು ಸರಾಸರಿಯ ಗದ್ದಲಕ್ಕಿಂತ ಸುಮಾರು ಶೇಕಡಾ 25ರಷ್ಟು ಹೆಚ್ಚಾಗಿರುತ್ತದೆ. ಆದುದರಿಂದ ಅನುಭವಿಗಳು ಮೊದಲು ಅಸಹಜವಾದ ಬೆಲೆಗಳನ್ನು ತಿರಸ್ಕರಿಸಿ, ಉಳಿದವುಗಳ ಸರಾಸರಿಯನ್ನು ತೆಗೆಯುತ್ತಾರೆ. ಸರಾಸರಿಯಿಂದ ಮಾನಕ ವಿಚಲನೆಯ 3 ಪಟ್ಟಿಗಿಂತ ದೂರ ಹೋದ ಬೆಲೆಗಳನ್ನು ಕೈಬಿಡುವುದು ರೂಢಿಯಲ್ಲಿರುವ ಒಂದು ನಿಯಮ.

ಈ ನಿಯಮದಲ್ಲಿಯೂ ಒಂದು ಅಪಾಯ ಅಡಗಿದೆ. ಮೇಲಿನ ಐದು ಬೆಲೆಗಳ ಮಾನಕ ವಿಚಲನೆಯನ್ನು ಲೆಕ್ಕಹಾಕಿದರೆ ಅದು ಸುಮಾರು 640 ಆಗುತ್ತದೆ. ಏಕೆಂದರೆ ಆ ಕಳಂಕದ ಬೆಲೆಯೇ ವಿಚಲನೆಯನ್ನೂ ಹಿಗ್ಗಿಸಿದೆ. 1,940 ಎಂಬುದು ಸರಾಸರಿಯಿಂದ 1,144ರಷ್ಟು ದೂರವಿದ್ದರೂ ವಿಚಲನೆಯ 1.8 ಪಟ್ಟಿನ ಒಳಗೇ ಉಳಿಯುತ್ತದೆ. 3 ಪಟ್ಟಿನ ಗೆರೆಯನ್ನು ಅದು ದಾಟುವುದೇ ಇಲ್ಲ. ಕಳ್ಳನು ತನ್ನನ್ನು ಅಳೆಯುವ ಗಜಕಡ್ಡಿಯನ್ನೇ ಉದ್ದ ಮಾಡಿದಂತಾಯಿತು. ಈ ರೀತಿಯಲ್ಲಿ ಲೆಕ್ಕಹಾಕುವಾಗ ಚಿತ್ರಗಳು ಕನಿಷ್ಠ ಹನ್ನೊಂದಿದ್ದ ಹೊರತು ಒಂಟಿ ಕಳಂಕವೊಂದು, ಅದು ಎಷ್ಟೇ ದೊಡ್ಡದಿರಲಿ, 3 ಪಟ್ಟಿನ ಗೆರೆಯನ್ನು ದಾಟಲಾರದೆಂದು ಗಣಿತದಿಂದ ತೋರಿಸಬಹುದು. ಚಿತ್ರಗಳು ಕಡಿಮೆಯಿದ್ದಾಗ ಮಧ್ಯಾಂಕವನ್ನೋ, ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಬೆಲೆಗಳನ್ನು ಬಿಟ್ಟು ತೆಗೆದ ಸರಾಸರಿಯನ್ನೋ ಬಳಸುವುದು ಲೇಸು. ತಂತ್ರಾಂಶವು ನೀಡಿದ ಆದೇಶವನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಆದೇಶವು ಸಂದರ್ಭಕ್ಕೆ ತಕ್ಕುದೇ ಎಂದು ಅದು ಯೋಚಿಸುವುದಿಲ್ಲ. ಆ ಹೊಣೆಯು ಬಳಕೆದಾರನದು.

ಒಂದು ನಿದರ್ಶನ: ಮೆಕ್‌ನೀಲ್ ನೀಹಾರಿಕೆ

2004ರ ಜನವರಿಯಲ್ಲಿ ಜೇ ಮೆಕ್‌ನೀಲ್ ಎಂಬ ಅಮೆರಿಕದ ಹವ್ಯಾಸಿ ವೀಕ್ಷಕರು ಸುಮಾರು 8 ಸೆಂಟಿಮೀಟರ್ ವ್ಯಾಸದ ಚಿಕ್ಕ ದೂರದರ್ಶಕದಿಂದ ಮಹಾವ್ಯಾಧ ನಕ್ಷತ್ರಪುಂಜದ ಮೆಸಿಯೇ 78ರ ಬಳಿ ಅದುವರೆಗೆ ಎದ್ದುಕಾಣದಿದ್ದ ನೀಹಾರಿಕೆಯೊಂದನ್ನು ಗುರುತಿಸಿದರು. ಸುಮಾರು 1,300 ಜ್ಯೋತಿರ್ವರ್ಷ ದೂರದ ಈ ಧೂಳಿನ ಮೋಡದ ಒಳಗೆ ವಿ1647 ಓರಿಯಾನಿಸ್ ಎಂಬ ಎಳೆಯ ನಕ್ಷತ್ರವು ಹಠಾತ್ತನೆ ಪ್ರಜ್ವಲಿಸಿದ್ದೇ ಇದಕ್ಕೆ ಕಾರಣ. ಹುಟ್ಟುತ್ತಿರುವ ನಕ್ಷತ್ರವು ತನ್ನ ಸುತ್ತಲಿನ ತಟ್ಟೆಯಿಂದ ದ್ರವ್ಯವನ್ನು ಒಂದೇ ಸಮನಾಗಿ ಸೇವಿಸದೆ, ಆಗಾಗ ದೊಡ್ಡ ತುತ್ತುಗಳಾಗಿ ನುಂಗುತ್ತದೆ ಎಂಬುದಕ್ಕೆ ಇಂತಹ ಪ್ರಜ್ವಲನಗಳು ಸಾಕ್ಷಿ ನುಡಿಯುತ್ತವೆ.

ಇದು ನಿಜವಾಗಿಯೂ ಪ್ರಜ್ವಲನವೆಂದು ಹೇಳಲು ಹಿಂದಿನ ಅಳತೆಯೊಂದು ಬೇಕಾಗಿತ್ತು. ಆ ಅಳತೆಯು ಟೂಮಾಸ್ ಎಂಬ ಅವಕೆಂಪು ಸಮೀಕ್ಷೆಯಲ್ಲಿ ದೊರೆಯಿತು. 1997ರಿಂದ 2001ರವರೆಗೆ ಉತ್ತರ ಮತ್ತು ದಕ್ಷಿಣ ಗೋಲಾರ್ಧಗಳಲ್ಲಿ ಒಂದೊಂದರಂತೆ ಎರಡು 1.3 ಮೀಟರ್ ದೂರದರ್ಶಕಗಳಿಂದ ಇಡೀ ಆಕಾಶವನ್ನು ಜೆ, ಎಚ್ ಮತ್ತು ಕೆ ಪಟ್ಟಿಗಳಲ್ಲಿ ಚಿತ್ರಿಸಿದ ಸಮೀಕ್ಷೆಯಿದು. ಅದರೊಡನೆ ಹೋಲಿಸಿದಾಗ ನಕ್ಷತ್ರವು ಸಮೀಪ ಅವಕೆಂಪಿನಲ್ಲಿ ಸುಮಾರು 3 ಪ್ರಮಾಣಗಳಷ್ಟು, ಎಂದರೆ ಹದಿನಾರು ಪಟ್ಟಿನಷ್ಟು, ಹೊಳಪೇರಿದುದು ಕಂಡುಬಂದಿತು. ಹಾನ್ಲೆಯ ದೂರದರ್ಶಕದಿಂದ ಭಾರತೀಯ ವಿಜ್ಞಾನಿಗಳು ಈ ನಕ್ಷತ್ರವನ್ನು 2004ರಿಂದಲೇ ವೀಕ್ಷಿಸತೊಡಗಿದರು. ಎರಡು ವರ್ಷಗಳಲ್ಲಿ ಮಂಕಾದ ಅದು 2008ರಲ್ಲಿ ಮತ್ತೊಮ್ಮೆ ಬೆಳಗಿತು. ಆ ಎರಡನೆಯ ಪ್ರಜ್ವಲನವನ್ನು 2013ರವರೆಗೂ ಹಾನ್ಲೆ ಮತ್ತು ಪುಣೆಯ ಸಮೀಪದ ಗಿರವಲಿ ವೀಕ್ಷಣಾಲಯಗಳಿಂದ ಅನುಸರಿಸಲಾಯಿತು.

ಇಂತಹ ವೀಕ್ಷಣೆಯಲ್ಲಿ ಸಂಸ್ಕರಣದ ತಪ್ಪು ಎಷ್ಟು ದೊಡ್ಡ ಪರಿಣಾಮವನ್ನು ಉಂಟುಮಾಡಬಲ್ಲದೆಂಬುದನ್ನು ಗಮನಿಸಬೇಕು. ಆಕಾಶದ ಹೊಳಪನ್ನು ತಿಳಿಯಲು ಚಿತ್ರಗಳ ಮಧ್ಯಾಂಕವನ್ನು ತೆಗೆಯುವ ವಿಧಾನವನ್ನು ಮೇಲೆ ಹೇಳಲಾಯಿತು. ಬಿಂದುಗಳಂತಿರುವ ನಕ್ಷತ್ರಗಳಿಗೆ ಈ ವಿಧಾನವು ಸರಿಯಾಗಿದೆ. ನೀಹಾರಿಕೆಯಾದರೋ ಹರಡಿಕೊಂಡಿರುವ ವಸ್ತು. ದೂರದರ್ಶಕವನ್ನು ತುಸು ಸರಿಸಿದರೂ ಅದೇ ಚಿತ್ರಬಿಂದುಗಳ ಮೇಲೆ ನೀಹಾರಿಕೆಯ ಇನ್ನೊಂದು ಭಾಗವು ಬೀಳುತ್ತದೆ. ಮಧ್ಯಾಂಕವು ಅದನ್ನೂ ಆಕಾಶವೆಂದೇ ಎಣಿಸಿಬಿಡುತ್ತದೆ. ಕಳೆದ ಮೇಲೆ ನೀಹಾರಿಕೆಯ ಬೆಳಕು ಚಿತ್ರದಿಂದ ಅಳಿದುಹೋಗಿ, ಅದರ ಸ್ಥಾನದಲ್ಲಿ ಕಪ್ಪು ಕುಳಿಗಳು ತೋರಬಹುದು. ಬೆಳಗಿದ ನೀಹಾರಿಕೆಯು ಮಂಕಾಯಿತೆಂಬ ತಪ್ಪು ನಿರ್ಣಯಕ್ಕೆ ಇದು ದಾರಿಮಾಡುತ್ತದೆ. ಇದನ್ನು ತಡೆಯಲು ವೀಕ್ಷಕನು ನೀಹಾರಿಕೆಯಿಂದ ದೂರವಾದ, ಬರಿದಾದ ಆಕಾಶದ ಕಡೆಗೆ ದೂರದರ್ಶಕವನ್ನು ತಿರುಗಿಸಿ ಪ್ರತ್ಯೇಕವಾದ ಆಕಾಶಚಿತ್ರಗಳನ್ನು ನಡುನಡುವೆ ತೆಗೆದುಕೊಳ್ಳಬೇಕು. ವೀಕ್ಷಣೆಯ ರಾತ್ರಿಯಲ್ಲಿ ಉಳಿಸಿದ ಹತ್ತು ನಿಮಿಷಗಳನ್ನು ಬಳಿಕ ಯಾವ ತಂತ್ರಾಂಶವೂ ತಂದುಕೊಡಲಾರದು.

ಫಲಿತಾಂಶವನ್ನು ನಂಬುವ ಮುನ್ನ

ಸಂಯೋಜಿಸಿದ ಚಿತ್ರದಲ್ಲಿ ಹೊಸದೊಂದು ಬೆಳಕಿನ ಚುಕ್ಕೆ ಕಂಡಾಗ ಅದನ್ನು ಪರೀಕ್ಷಿಸುವ ಸರಳ ಮಾರ್ಗಗಳಿವೆ. ಅವುಗಳಿಗೂ ಕೆಲವೇ ಸಾಲುಗಳ ಆದೇಶ ಸಾಕು.

ಮೊದಲನೆಯ ಪರೀಕ್ಷೆಯಲ್ಲಿ ಚಿತ್ರಗಳ ಪಟ್ಟಿಯನ್ನು ಎರಡು ಪಾಲು ಮಾಡಿ, ಒಂದೊಂದನ್ನೂ ಬೇರೆಬೇರೆಯಾಗಿ ಸಂಯೋಜಿಸಬೇಕು. ನಿಜವಾದ ನಕ್ಷತ್ರವು ಎರಡು ಪಾಲುಗಳಲ್ಲಿಯೂ ಒಂದೇ ಸ್ಥಾನದಲ್ಲಿ, ಸರಿಸುಮಾರು ಒಂದೇ ಹೊಳಪಿನಲ್ಲಿ ಕಾಣಬೇಕು. ಒಂದರಲ್ಲಿ ಮಾತ್ರ ಕಂಡರೆ ಅದು ವಿಶ್ವಕಿರಣದ ಅಥವಾ ಕೆಟ್ಟ ಚಿತ್ರಬಿಂದುವಿನ ಕುರುಹಾಗಿರುವ ಸಂಭವವೇ ಹೆಚ್ಚು. ಎರಡನೆಯ ಪರೀಕ್ಷೆಯಲ್ಲಿ ಚಿತ್ರದೊಳಗೆ ಗೊತ್ತಾದ ಹೊಳಪಿನ ಕೃತಕ ನಕ್ಷತ್ರಗಳನ್ನು ಸೇರಿಸಿ, ಎಲ್ಲ ಹಂತಗಳನ್ನೂ ದಾಟಿ ಅವು ಅದೇ ಹೊಳಪಿನಿಂದ ಹೊರಬರುತ್ತವೆಯೇ ಎಂದು ನೋಡಬೇಕು. ಬಾರದಿದ್ದರೆ ಯಾವುದೋ ಹಂತದಲ್ಲಿ ಬೆಳಕು ಸೋರಿಹೋಗಿದೆ ಎಂದರ್ಥ. ಮೂರನೆಯದರಲ್ಲಿ ಅದೇ ಚಿತ್ರದಲ್ಲಿರುವ ಹೊಳಪು ಬದಲಾಗದ ನಕ್ಷತ್ರಗಳನ್ನು ಟೂಮಾಸ್ ಪಟ್ಟಿಯ ಬೆಲೆಗಳೊಡನೆ ಹೋಲಿಸಬೇಕು. ಅವೆಲ್ಲವೂ ಒಟ್ಟಾಗಿ ಮಂಕಾಗಿ ತೋರಿದರೆ ಮಂಕಾದುದು ನಕ್ಷತ್ರಗಳಲ್ಲ, ಅಂದಿನ ಗಾಳಿ ಅಥವಾ ಲೆಕ್ಕ.

ಬಾಹ್ಯಾಕಾಶದಲ್ಲಿರುವ ದೂರದರ್ಶಕಗಳಿಗೂ ಈ ಕ್ರಮವು ತಪ್ಪಿದ್ದಲ್ಲ. 2021ರ ಡಿಸೆಂಬರ್ 25ರಂದು ಉಡಾವಣೆಗೊಂಡ ಜೇಮ್ಸ್ ವೆಬ್ ಅವಕೆಂಪು ದೂರದರ್ಶಕವು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಅಲ್ಲಿ ನೀರಾವಿಯ ಕಾಟವಿಲ್ಲ, ಹೈಡ್ರಾಕ್ಸಿಲ್ ಪದರದ ಹೊಳಪಿಲ್ಲ. ಆದರೂ ವಿಶ್ವಕಿರಣಗಳೂ ಕೆಟ್ಟ ಚಿತ್ರಬಿಂದುಗಳೂ ಇದ್ದೇ ಇವೆ. ಪತ್ರಿಕೆಗಳಲ್ಲಿ ಅಚ್ಚಾಗುವ ಅದರ ಬೆರಗಿನ ಚಿತ್ರಗಳು ಕೂಡ ತುಸು ತುಸು ಸರಿಸಿ ತೆಗೆದ ಹಲವು ಚಿತ್ರಗಳನ್ನು ಹೊಂದಿಸಿ ಸಂಯೋಜಿಸಿದವುಗಳೇ.

ಈ ವಿದ್ಯೆಯನ್ನು ಅಭ್ಯಾಸ ಮಾಡಲು ದೂರದರ್ಶಕವನ್ನು ಹೊಂದಿರಬೇಕಾದ ಅಗತ್ಯವಿಲ್ಲ. ಟೂಮಾಸ್ ಚಿತ್ರಗಳೂ ಜೇಮ್ಸ್ ವೆಬ್ ದೂರದರ್ಶಕದ ಬಿಡುಗಡೆಯಾದ ಮೂಲ ಚಿತ್ರಗಳೂ ಸಾರ್ವಜನಿಕರಿಗೆ ಉಚಿತವಾಗಿ ಲಭ್ಯವಿವೆ. ಐರಾಫ್ ಮತ್ತು ಪೈಥಾನ್ ತಂತ್ರಾಂಶಗಳಿಗೂ ಶುಲ್ಕವಿಲ್ಲ. ಪದವಿ ತರಗತಿಯ ವಿದ್ಯಾರ್ಥಿಯು ಸಾಧಾರಣವಾದ ಗಣಕಯಂತ್ರದಲ್ಲಿ ಐದು ಚಿತ್ರಗಳಿಂದ ಆರಂಭಿಸಿ, ಒಮ್ಮೆ ಸರಾಸರಿಯಿಂದ, ಒಮ್ಮೆ ಮಧ್ಯಾಂಕದಿಂದ ಸಂಯೋಜಿಸಿ, ಎರಡರ ವ್ಯತ್ಯಾಸವನ್ನು ತಾನೇ ಕಂಡುಕೊಳ್ಳಬಹುದು. ನೀಡಿದ ಆದೇಶಗಳನ್ನೆಲ್ಲ ಒಂದು ಕಡತದಲ್ಲಿ ದಿನಾಂಕಸಹಿತ ಬರೆದಿಡುವುದನ್ನು ಅವನು ಮೊದಲ ದಿನದಿಂದಲೇ ರೂಢಿಸಿಕೊಳ್ಳಬೇಕು. ಹಾನ್ಲೆಯ ಶಿಖರದ ಮೇಲೆ ಕಳೆದ ಒಂದು ರಾತ್ರಿಯು ಮರಳಿ ಬಾರದು. ಆ ರಾತ್ರಿಯ ಬೆಳಕಿನಿಂದ ತೆಗೆದ ನಿರ್ಣಯವು ಸರಿಯೋ ತಪ್ಪೋ ಎಂಬುದನ್ನು ಮುಂದೆ ಯಾರಾದರೂ ಅರಿಯಬೇಕಾದರೆ, ಮೂಲ ಚಿತ್ರಗಳೂ ಈ ಕಡತವೂ ಜೊತೆಯಾಗಿ ಉಳಿದಿರಬೇಕು.